ಮಧ್ಯವರ್ತಿಯಿಲ್ಲದ ಸಂತೆ: ಅಂತರಜಾಲದಲ್ಲಿ ಕಲಾಕೃತಿಗಳ ನೇರ ಮಾರಾಟ ಮತ್ತು ದಾಖಲೆಯ ಪ್ರಶ್ನೆ

ಕಲಾವಿದರಿಗೂ ಕೊಳ್ಳುಗರಿಗೂ ನಡುವೆ ಮೂರನೆಯವರೊಬ್ಬರು ಇರಲೇಬೇಕೆ ಎಂಬ ಪ್ರಶ್ನೆ ಭಾರತೀಯ ದೃಶ್ಯಕಲೆಯ ಚರಿತ್ರೆಗೆ ಹೊಸದೇನಲ್ಲ. ಆಯಾ ಕಾಲದ ಆಶ್ರಯದಾತರು, ವ್ಯಾಪಾರಿಗಳು, ಗ್ಯಾಲರಿಗಳು ಈ ನಡುವಣ ಸ್ಥಾನವನ್ನು ಬೇರೆ ಬೇರೆ ಬಗೆಯಲ್ಲಿ ತುಂಬಿದ್ದಾರೆ. ಕಳೆದ ಎರಡು ದಶಕಗಳಲ್ಲಿ ಅಂತರಜಾಲವು ಈ ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತಂದಿದೆ. ಗ್ಯಾಲರಿಯ ಗೋಡೆಯಾಗಲಿ, ವಿಮರ್ಶಕರ ಪರಿಚಯವಾಗಲಿ, ಮಹಾನಗರದ ವಿಳಾಸವಾಗಲಿ ಇಲ್ಲದ ಕಲಾವಿದರು ತಮ್ಮ ಮನೆಯಿಂದಲೇ ಕೃತಿಯ ಛಾಯಾಚಿತ್ರವನ್ನು ಪ್ರಕಟಿಸಿ, ಬೆಲೆ ತಿಳಿಸಿ, ಹಣ ಪಡೆದು, ಅಂಚೆ ಅಥವಾ ಕೊರಿಯರ್ ಮೂಲಕ ಕೃತಿಯನ್ನು ತಲುಪಿಸುವುದು ಈಗ ಸಾಮಾನ್ಯ ಸಂಗತಿಯಾಗಿದೆ.

ಈ ಬೆಳವಣಿಗೆಯನ್ನು ಕುರಿತ ಅಭಿಪ್ರಾಯಗಳು ಬಹುಮಟ್ಟಿಗೆ ಎರಡು ತುದಿಗಳಲ್ಲಿ ನಿಂತಿವೆ. ಕಲೆಯು ಕೆಲವರ ಹಿಡಿತದಿಂದ ಬಿಡುಗಡೆ ಹೊಂದಿ ಎಲ್ಲರದಾಯಿತು ಎಂಬುದು ಒಂದು ವಾದ. ಕಲೆಯು ಸರಕಿನ ಸಾಲಿಗೆ ಇಳಿಯಿತು ಎಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡೂ ವಾದಗಳು ‘ನೇರ’ ಎಂಬ ಪದವನ್ನು ಪರೀಕ್ಷಿಸದೆ ಒಪ್ಪಿಕೊಳ್ಳುತ್ತವೆ ಎಂಬುದು ಗಮನಾರ್ಹ. ಗ್ಯಾಲರಿ ಎಂಬ ಸಂಸ್ಥೆ ತನ್ನ ಉತ್ತಮ ರೂಪದಲ್ಲಿ ಮೂರು ಕೆಲಸಗಳನ್ನು ಮಾಡುತ್ತಿತ್ತು: ಕೃತಿಗಳನ್ನು ಮಾರುವುದು, ಯಾವುದು ನೋಡತಕ್ಕದ್ದು ಎಂದು ಆಯುವುದು, ಆದದ್ದನ್ನು ದಾಖಲಿಸುವುದು. ಅಂತರಜಾಲವು ಮೊದಲನೆಯದನ್ನು ಕಲಾವಿದರ ಕೈಗೆ ಕೊಟ್ಟಿತು. ಎರಡನೆಯದನ್ನು ಕಣ್ಣಿಗೆ ಕಾಣದ ಗಣಕಸೂತ್ರಗಳಿಗೆ ಒಪ್ಪಿಸಿತು. ಮೂರನೆಯದನ್ನು ಯಾರಿಗೂ ವಹಿಸಲಿಲ್ಲ. ನೇರ ಮಾರಾಟದ ಲಾಭನಷ್ಟಗಳನ್ನು ಈ ಮೂರನೆಯ ಕೊರತೆಯ ಬೆಳಕಿನಲ್ಲಿ ಪರಿಶೀಲಿಸಬೇಕಾದ ಅಗತ್ಯವಿದೆ.

ನೇರ ಮಾರಾಟದ ಪೂರ್ವಪರಂಪರೆ

ಗ್ಯಾಲರಿಯೇ ಸಹಜ, ನೇರ ಮಾರಾಟವೇ ಹೊಸತು ಎಂಬ ಗ್ರಹಿಕೆ ಚಾರಿತ್ರಿಕವಾಗಿ ಸರಿಯಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರ ಮನೆತನಗಳು ಮರದ ದೇವತಾಮೂರ್ತಿಗಳನ್ನೂ ಗೊಂಬೆಗಳನ್ನೂ ಬೇಡಿದವರಿಗೆ ತಾವೇ ಮಾಡಿಕೊಡುತ್ತ ಬಂದವು. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ ಪಟುವಾಗಳು ಕಾಳೀಘಾಟ್ ದೇವಾಲಯದ ಸುತ್ತ ನೆಲೆಸಿ ಯಾತ್ರಿಕರಿಗೆ ಅಗ್ಗದ ಕಾಗದದ ಮೇಲೆ ವೇಗವಾಗಿ ಚಿತ್ರ ಬರೆದು ಮಾರಿದರು. ಕೊಳ್ಳುವವರ ಕಣ್ಣೆದುರೇ ರೂಪುಗೊಂಡ ಆ ಶೈಲಿಯ ಬೀಸುರೇಖೆಯಲ್ಲಿ ಮಾರಾಟದ ಅವಸರವೂ ಒಂದು ಸೌಂದರ್ಯಗುಣವಾಗಿ ಪರಿಣಮಿಸಿದೆ. ಆದರೆ ಇನ್ನೂ ಅಗ್ಗವಾದ ಮುದ್ರಿತ ಚಿತ್ರಗಳು ಬಂದಾಗ ಆ ಪೇಟೆ ಉಳಿಯಲಿಲ್ಲ. ನೇರ ಮಾರಾಟವು ಕಲಾವಿದರನ್ನು ಮಧ್ಯವರ್ತಿಯಿಂದ ಕಾಪಾಡಬಲ್ಲದೇ ಹೊರತು ತಂತ್ರಜ್ಞಾನದ ಮುಂದಿನ ಅಲೆಯಿಂದ ಕಾಪಾಡಲಾರದು ಎಂಬುದಕ್ಕೆ ಇದು ಹಳೆಯ ನಿದರ್ಶನ.

ಅರಮನೆಯ ಆಶ್ರಯ ಇನ್ನೊಂದು ಮಾದರಿ. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯು ದೇವತೆಗಳ ಲಕ್ಷಣಗಳನ್ನು ಚಿತ್ರಸಹಿತ ಕ್ರೋಡೀಕರಿಸಿತು. ಇಲ್ಲಿ ಆಶ್ರಯದಾತನು ಕೊಳ್ಳುಗ ಮಾತ್ರವಲ್ಲ, ಸಂಗ್ರಾಹಕ ಮತ್ತು ಸಂಪಾದಕ ಕೂಡ ಆಗಿದ್ದ. ಅರಮನೆಯು ಚಿತ್ರಗಳನ್ನು ಉಳಿಸಿತು. ಆದರೆ ಬರೆದವರ ಹೆಸರುಗಳನ್ನು ಬಹುಮಟ್ಟಿಗೆ ಉಳಿಸಲಿಲ್ಲ. ಕೃತಿಯ ದಾಖಲೆ ಬೇರೆ, ಕರ್ತೃವಿನ ದಾಖಲೆ ಬೇರೆ ಎಂಬ ಈ ಭೇದ ಮುಂದಿನ ಚರ್ಚೆಗೆ ಮುಖ್ಯವಾಗುತ್ತದೆ.

ಅರಮನೆಗಳಿಗೆ ಚಿತ್ರ ಬರೆದು ಪ್ರಸಿದ್ಧನಾದ ರಾಜಾ ರವಿವರ್ಮ (1848-1906) ಅರಮನೆಗಳಾಚೆಯ ಕೊಳ್ಳುಗರನ್ನು ತಲುಪಲು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದನು. ಜರ್ಮನಿಯಿಂದ ಯಂತ್ರಗಳನ್ನೂ ತಂತ್ರಜ್ಞರನ್ನೂ ತರಿಸಲಾಯಿತು. ಲಕ್ಷ್ಮೀ ಸರಸ್ವತಿಯರ ವರ್ಣಮುದ್ರಣಗಳು ದೇಶದ ಸಾಮಾನ್ಯ ಮನೆಗಳ ದೇವರಕೋಣೆಗಳನ್ನು ಸೇರಿದವು. ಚಿತ್ರ ಎಲ್ಲರನ್ನೂ ತಲುಪಿತು. ಲಾಭ ಮಾತ್ರ ಚಿತ್ರಕಾರನನ್ನು ತಲುಪಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುದ್ರಣಾಲಯವು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್‌ನ ಒಡೆತನಕ್ಕೆ ಹೋಯಿತು. ಅದರೊಂದಿಗೆ ಹಲವು ಚಿತ್ರಗಳ ಮುದ್ರಣದ ಹಕ್ಕೂ ಹೋಯಿತು. ಪ್ರಸಾರದ ವಿಸ್ತಾರವೂ ಕಲಾವಿದನ ಸ್ವಾತಂತ್ರ್ಯವೂ ಒಂದೇ ಅಲ್ಲವೆಂಬುದನ್ನು ಈ ಪ್ರಕರಣ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ಜಾಮಿನಿ ರಾಯ್ (1887-1972). ಕಲ್ಕತ್ತೆಯ ತಮ್ಮ ಮನೆಯಿಂದಲೇ ಚಿತ್ರಗಳನ್ನು ಮಾರಿದ ರಾಯ್, ಮಧ್ಯಮವರ್ಗದವರಿಗೆ ಎಟುಕುವ ಬೆಲೆಯನ್ನು ಬೇಕೆಂದೇ ಉಳಿಸಿಕೊಂಡರು. ಒಂದೇ ವಸ್ತುವನ್ನು ಹಲವು ಸಲ ಬರೆದರು. ಮನೆಯವರೂ ಸಹಾಯಕರೂ ಆ ಕೆಲಸದಲ್ಲಿ ಪಾಲುಗೊಂಡರು. ಮೂಲಕೃತಿ ಒಂದೇ ಇರಬೇಕೆಂಬ ಆಧುನಿಕ ಕಲಾಮಾರುಕಟ್ಟೆಯ ನಂಬಿಕೆಗೆ ಇದು ಉದ್ದೇಶಪೂರ್ವಕವಾದ ಪ್ರತಿರೋಧವಾಗಿತ್ತು. 1966ರಲ್ಲಿ ಮದರಾಸಿನ ಹೊರವಲಯದಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಆರಂಭವಾದ ಚೋಳಮಂಡಲ ಕಲಾವಿದರ ಗ್ರಾಮದ ಸದಸ್ಯರು ಬಾಟಿಕ್ ಮೊದಲಾದ ಕರಕುಶಲ ವಸ್ತುಗಳ ಮಾರಾಟದಿಂದ ಬದುಕು ಸಾಗಿಸಿ ಚಿತ್ರ ಶಿಲ್ಪಗಳ ಸ್ವಾತಂತ್ರ್ಯವನ್ನು ಕಾಪಾಡಿಕೊಂಡರು.

ಕರ್ನಾಟಕದ ಮಟ್ಟಿಗೆ ಈ ಪರಂಪರೆಯ ಬಹುದೊಡ್ಡ ಸಾರ್ವಜನಿಕ ರೂಪವೆಂದರೆ ಚಿತ್ರಸಂತೆ. 1960ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಚಿತ್ರಕಲಾ ಪರಿಷತ್ತು ಈ ಶತಮಾನದ ಮೊದಲ ದಶಕದಲ್ಲಿ ಆರಂಭಿಸಿದ ಈ ಸಂತೆಯು ಬೆಂಗಳೂರಿನ ಕುಮಾರಕೃಪಾ ರಸ್ತೆಯನ್ನು ಒಂದು ದಿನದ ಮಟ್ಟಿಗೆ ಬಯಲು ಗ್ಯಾಲರಿಯನ್ನಾಗಿ ಪರಿವರ್ತಿಸುತ್ತದೆ. ‘ಮನೆಗೊಂದು ಕಲಾಕೃತಿ’ ಎಂಬ ಅದರ ಆಶಯವು ಕೊಳ್ಳುವವರ ವರ್ಗವನ್ನೇ ವಿಸ್ತರಿಸುವ ಗುರಿ ಹೊಂದಿದೆ. ‘ಸಂತೆ’ ಎಂಬ ಹೆಸರಿನ ಆಯ್ಕೆಯೂ ಅರ್ಥಪೂರ್ಣವಾದುದು. ಸಂತೆಯಲ್ಲಿ ಬೆಳೆದವನೇ ಮಾರುತ್ತಾನೆ. ಕೊಳ್ಳುವವನು ಮುಟ್ಟಿ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ, ಬೆಳೆದವನ ಮುಖ ನೋಡಿ ನಂಬುತ್ತಾನೆ.

ಅಂತರಜಾಲದ ಸಂತೆ

ಅಂತರಜಾಲದಲ್ಲಿ ನಡೆಯುವ ಎಲ್ಲ ಕಲಾವ್ಯಾಪಾರವೂ ನೇರ ಮಾರಾಟವಲ್ಲ. 2000ದಲ್ಲಿ ಆರಂಭವಾದ ಸ್ಯಾಫ್ರನ್‌ಆರ್ಟ್ ಭಾರತೀಯ ಕಲೆಯ ಹರಾಜನ್ನು ಜಾಲಕ್ಕೆ ತಂದಿತು. ಅದು ಹಳೆಯ ಹರಾಜು ಪದ್ಧತಿಯ ಹೊಸ ವೇದಿಕೆಯೇ ವಿನಾ ಮಧ್ಯವರ್ತಿಯ ನಿವಾರಣೆಯಲ್ಲ. ಪ್ರಸ್ತುತ ಚರ್ಚೆಗೆ ಸಂಬಂಧಿಸಿದ ಬದಲಾವಣೆ ಬೇರೆ ದಾರಿಯಲ್ಲಿ ಬಂದಿತು. 2005ರಲ್ಲಿ ಅಮೆರಿಕದಲ್ಲಿ ಆರಂಭವಾದ ಎಟ್ಸಿಯಂಥ ಮಾರಾಟತಾಣಗಳು ಕೈಕೆಲಸದವರಿಗೆ ಸ್ವಂತ ಅಂಗಡಿ ತೆರೆಯುವ ಅವಕಾಶ ಕೊಟ್ಟವು. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಛಾಯಾಚಿತ್ರವನ್ನೇ ಮಾತುಕತೆಯ ಮಾಧ್ಯಮವನ್ನಾಗಿಸಿತು. ಭಾರತದಲ್ಲಿ 2016ರಿಂದ ಜಾರಿಗೆ ಬಂದ ಯುಪಿಐ ಪಾವತಿ ವ್ಯವಸ್ಥೆಯು ಸಣ್ಣ ಮೊತ್ತವನ್ನೂ ಬ್ಯಾಂಕಿನಿಂದ ಬ್ಯಾಂಕಿಗೆ ಕ್ಷಣದಲ್ಲಿ ಸಾಗಿಸಿತು. ಇವೆಲ್ಲವೂ ಸೇರಿದಾಗ ಸಾಗರದ ಅಥವಾ ಸುರಪುರದ ಕಲಾವಿದರೊಬ್ಬರು ಪುಣೆಯ ಕೊಳ್ಳುಗರಿಗೆ ಯಾರ ಶಿಫಾರಸೂ ಇಲ್ಲದೆ ಕೃತಿ ಮಾರುವುದು ಸಾಧ್ಯವಾಯಿತು.

ಇದರ ಸಾಮಾಜಿಕ ಮಹತ್ವವನ್ನು ಕಡೆಗಣಿಸುವಂತಿಲ್ಲ. ಗ್ಯಾಲರಿಗಳು ಮಾರಾಟದ ಬೆಲೆಯಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತಮ್ಮ ಪಾಲನ್ನು ಪಡೆಯುತ್ತವೆ. ಅದಕ್ಕಿಂತಲೂ ದೊಡ್ಡ ಅಡ್ಡಿಯೆಂದರೆ ಪ್ರವೇಶದ್ದು. ಕಲಾಶಾಲೆಯ ಪದವಿ, ನಗರದ ಪರಿಚಯ, ಇಂಗ್ಲಿಷಿನಲ್ಲಿ ತನ್ನ ಕೃತಿಯನ್ನು ವಿವರಿಸುವ ಸಾಮರ್ಥ್ಯ, ಸಂಜೆಯ ಉದ್ಘಾಟನೆಗಳಿಗೆ ಹೋಗಿಬರುವ ಅನುಕೂಲ ಇವು ಹೇಳದೆಯೇ ಜಾರಿಯಲ್ಲಿದ್ದ ಅರ್ಹತೆಗಳು. ಮನೆವಾರ್ತೆಯ ನಡುವೆ ಚಿತ್ರ ಬರೆಯುವ ಹೆಣ್ಣುಮಕ್ಕಳು, ಚಿಕ್ಕ ಊರುಗಳ ಶಾಲಾ ಚಿತ್ರಕಲಾ ಶಿಕ್ಷಕರು, ಪಾರಂಪರಿಕ ಕುಲಕಸುಬಿನವರು ಈ ಅರ್ಹತೆಗಳ ಹೊರಗೆ ಉಳಿದಿದ್ದರು. ಅವರ ಪಾಲಿಗೆ ಜಾಲದ ಬಾಗಿಲು ನಿಜವಾದ ಬಾಗಿಲೇ ಆಗಿದೆ.

ಆದರೆ ಬಾಗಿಲಿಗೆ ಒಡೆಯರಿದ್ದಾರೆ. ಎಟ್ಸಿಯು ಪ್ರತಿ ಮಾರಾಟದ ಮೇಲೆ ವಿಧಿಸುವ ಶುಲ್ಕವನ್ನು 2018ರಲ್ಲಿ ಶೇ 3.5ರಿಂದ 5ಕ್ಕೂ 2022ರ ಏಪ್ರಿಲ್‌ನಲ್ಲಿ ಶೇ 6.5ಕ್ಕೂ ಏರಿಸಿತು. ಅದನ್ನು ಪ್ರತಿಭಟಿಸಿ ಸಾವಿರಾರು ಮಾರಾಟಗಾರರು ತಮ್ಮ ಅಂಗಡಿಗಳನ್ನು ಒಂದು ವಾರ ಮುಚ್ಚಲು ಮುಂದಾದರು. ಶುಲ್ಕವನ್ನೇ ಕೇಳದ ಸಾಮಾಜಿಕ ತಾಣಗಳು ಇನ್ನೊಂದು ಬಗೆಯ ಬೆಲೆ ಕೇಳುತ್ತವೆ. ಯಾರ ಚಿತ್ರ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ಅವುಗಳ ಗಣಕಸೂತ್ರವೇ ನಿರ್ಧರಿಸುತ್ತದೆ. ಅದರ ನಿಯಮಗಳು ಕಲಾವಿದರಿಗೆ ತಿಳಿದಿರುವುದಿಲ್ಲ, ತಿಳಿಯುವಷ್ಟರಲ್ಲಿ ಬದಲಾಗಿರುತ್ತವೆ. ಗ್ಯಾಲರಿಯ ಒಡೆಯರ ಪಕ್ಷಪಾತವನ್ನು ಹೆಸರಿಟ್ಟು ಟೀಕಿಸಬಹುದಿತ್ತು, ಅವರೊಡನೆ ಜಗಳವಾಡಬಹುದಿತ್ತು. ಗಣಕಸೂತ್ರದೊಡನೆ ಜಗಳವಾಡುವ ದಾರಿಯೇ ಇಲ್ಲ. ಮಧ್ಯವರ್ತಿಯು ಇಲ್ಲವಾಗಲಿಲ್ಲ, ಮುಖವಿಲ್ಲದವನಾದನು ಎಂದು ಹೇಳುವುದೇ ಹೆಚ್ಚು ಸರಿ.

ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, 2021ರ ಜನವರಿಯಲ್ಲಿ, ಚಿತ್ರಸಂತೆಯೇ ಅಂತರಜಾಲದಲ್ಲಿ ನಡೆಯಿತು. ರಸ್ತೆಯ ಸಂತೆಗೂ ಜಾಲದ ಸಂತೆಗೂ ಇರುವ ಅಂತರವನ್ನು ಅಳೆಯಲು ಈ ಪ್ರಸಂಗ ನೆರವಾಗುತ್ತದೆ. ರಸ್ತೆಯಲ್ಲಿ ನಡೆಯುವವನು ತನಗೆ ಬೇಡವಾದ ಚಿತ್ರಗಳ ಮುಂದೆಯೂ ಹಾದುಹೋಗಬೇಕು. ಆ ಬೇಡದ ನಡಿಗೆಯಲ್ಲಿಯೇ ಅಭಿರುಚಿಯ ಶಿಕ್ಷಣ ಅಡಗಿದೆ. ಜಾಲದಲ್ಲಿ ಬೆರಳು ಒಂದು ಚಿತ್ರವನ್ನು ಕ್ಷಣಾರ್ಧದಲ್ಲಿ ಸರಿಸಿಬಿಡುತ್ತದೆ. ಒಮ್ಮೆ ಮೆಚ್ಚಿದ ಬಗೆಯ ಚಿತ್ರವನ್ನೇ ತಾಣವು ಮತ್ತೆ ಮತ್ತೆ ತಂದು ತೋರಿಸುತ್ತದೆ. ನೋಟಕ್ಕೆ ಸಿಗುವ ಚಿತ್ರಗಳ ಸಂಖ್ಯೆ ಹೆಚ್ಚುತ್ತದೆ, ನೋಟದ ಹರವು ಕುಗ್ಗುತ್ತದೆ.

ಪರದೆಯ ಮೇಲಿನ ಕೃತಿ

ಮಾರಾಟದ ಮಾಧ್ಯಮವು ಕೃತಿಯ ರೂಪವನ್ನು ಬದಲಿಸುತ್ತದೆಯೆ ಎಂಬುದು ವಿಮರ್ಶೆಯ ಮುಂದಿರುವ ಮುಖ್ಯ ಪ್ರಶ್ನೆ. ಮೈಸೂರು ಸಾಂಪ್ರದಾಯಿಕ ಶೈಲಿಯನ್ನು ಪರಿಗಣಿಸಬಹುದು. ಬಿಳಿಯ ಪುಡಿ, ಮಕ್ಕಿ ಮತ್ತು ಗೋಂದು ಸೇರಿಸಿದ ಲೇಪದಿಂದ ಆಭರಣ, ಸಿಂಹಾಸನ, ಕಮಾನುಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ತೆಳುವಾದ ಚಿನ್ನದ ರೇಕು ಅಂಟಿಸುವುದು ಈ ಶೈಲಿಯ ಲಕ್ಷಣ. ತಂಜಾವೂರು ಶೈಲಿಯ ಎದ್ದುಕಾಣುವ ಉಬ್ಬುಗೆಲಸ ಮತ್ತು ಹರಳುಗಳಿಗೆ ಹೋಲಿಸಿದರೆ ಮೈಸೂರಿನದು ಸಂಯಮದ ಕೆಲಸ. ಅದರ ಸೊಗಸು ನೋಡುವವರ ಚಲನೆಯನ್ನು ಅವಲಂಬಿಸಿದೆ. ದೀಪದ ಬೆಳಕಿನಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಚಿನ್ನ ಮಿನುಗುತ್ತದೆ, ಇನ್ನೊಂದು ಹೆಜ್ಜೆಗೆ ಆರುತ್ತದೆ. ಛಾಯಾಚಿತ್ರದಲ್ಲಿ ಈ ಚಿನ್ನವು ಬೆಳಕು ಹೆಚ್ಚಾದರೆ ಬಿಳಿಯ ಕಲೆಯಾಗಿ, ಕಡಿಮೆಯಾದರೆ ಮಂಕು ಕಂದುಬಣ್ಣವಾಗಿ ಕಾಣುತ್ತದೆ. ಉಬ್ಬು ಸಂಪೂರ್ಣ ಅಳಿಸಿಹೋಗುತ್ತದೆ. ಹೀಗಾಗಿ ಪರದೆಯ ಮೇಲೆ ನಿಜವಾದ ಚಿನ್ನದ ರೇಕಿಗೂ ಚಿನ್ನದ ಬಣ್ಣಕ್ಕೂ ಭೇದ ಉಳಿಯುವುದಿಲ್ಲ. ಭೇದ ಕಾಣದ ಕಡೆ ಬೆಲೆಯ ಭೇದವನ್ನು ಸಮರ್ಥಿಸುವುದು ಕಷ್ಟ. ತಿಂಗಳುಗಟ್ಟಲೆ ಕುಳಿತು ಮಾಡಿದ ಕೆಲಸವು ಕೆಲವು ದಿನಗಳ ಕೆಲಸದ ಪಕ್ಕದಲ್ಲಿ ಅದೇ ಅಳತೆಯ ಚೌಕವಾಗಿ ನಿಲ್ಲಬೇಕಾಗುತ್ತದೆ.

ಮಲೆನಾಡಿನ ದೀವರು ಸಮುದಾಯದ ಹಸೆ ಚಿತ್ತಾರದ ಸ್ಥಿತಿ ಇನ್ನೊಂದು ಬಗೆಯದು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವುಗಳಿಂದ, ಪುಂಡಿನಾರಿನ ಕುಂಚ ಹಿಡಿದು ಹೆಂಗಸರು ಬರೆಯುವ ಈ ಚಿತ್ತಾರ ಮದುವೆಯ ಹಸೆಗೆ ಸಂಬಂಧಿಸಿದ್ದು. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಇದೇ ರೇಖಾವಿನ್ಯಾಸ ಬರುತ್ತದೆ. ಇದರ ಜ್ಯಾಮಿತೀಯ ರೇಖೆಗಳು ಪರದೆಯ ಮೇಲೆ ಮೈಸೂರಿನ ಚಿನ್ನದಂತೆ ಸೋಲುವುದಿಲ್ಲ. ಬದಲಿಗೆ ಬಹಳ ಚೆನ್ನಾಗಿ ಕಾಣುತ್ತವೆ. ಗೋಡೆಯಿಂದ ಕಾಗದಕ್ಕೂ ಬಟ್ಟೆಗೂ ಇಳಿದು ದೂರದ ಮನೆಗಳನ್ನು ಸೇರುವುದು ಈ ಕಲೆಗೆ ಸುಲಭವಾಗಿದೆ. ಅಷ್ಟೇ ಸುಲಭವಾಗಿ ಆ ವಿನ್ಯಾಸವನ್ನು ಯಾರು ಬೇಕಾದರೂ ತೆಗೆದು ಬಟ್ಟಲು, ಚೀಲ, ಸೀರೆಗಳ ಮೇಲೆ ಅಚ್ಚು ಹಾಕಬಹುದಾಗಿದೆ. ಹಾಡಿನೊಡನೆ, ಮದುವೆಯ ದಿನದೊಡನೆ, ಬರೆಯುವ ಹೆಂಗಸಿನ ಮನೆತನದೊಡನೆ ಇದ್ದ ನಂಟು ಛಾಯಾಚಿತ್ರದಲ್ಲಿ ಬರುವುದಿಲ್ಲ. ಒಂದು ಶೈಲಿ ಪರದೆಯಲ್ಲಿ ಕಾಣದೆ ಸೋಲುತ್ತದೆ, ಮತ್ತೊಂದು ಚೆನ್ನಾಗಿ ಕಂಡು ಸೋಲುತ್ತದೆ.

ಸಮಕಾಲೀನ ಚಿತ್ರಕಲೆಯಲ್ಲಿಯೂ ಪರದೆಯ ಒತ್ತಡ ಗುರುತಿಸಬಹುದಾದಷ್ಟು ಸ್ಪಷ್ಟವಾಗಿದೆ. ಅಂಚೆಯಲ್ಲಿ ಸುಲಭವಾಗಿ ಹೋಗುವ ಸಣ್ಣ ಅಳತೆ, ಸುರುಳಿ ಸುತ್ತಿ ಕೊಳವೆಯಲ್ಲಿ ಕಳುಹಿಸಬಹುದಾದ ಕ್ಯಾನ್ವಾಸು, ಚಿಕ್ಕ ಚೌಕದಲ್ಲಿಯೂ ಎದ್ದು ತೋರುವ ಗಾಢ ವರ್ಣಗಳು, ಒಂದೇ ನೋಟಕ್ಕೆ ಮುಗಿಯುವ ವಸ್ತು ಇವುಗಳಿಗೆ ಆದ್ಯತೆ ದೊರೆಯುತ್ತಿದೆ. ಮೆಲುದನಿಯ ಜಲವರ್ಣಗಳು, ದೊಡ್ಡ ಅಳತೆಯ ಕೃತಿಗಳು, ಶಿಲ್ಪಗಳು ಹಿಂದೆ ಸರಿಯುತ್ತಿವೆ. ಕೃತಿಗಿಂತ ಕೃತಿ ರಚನೆಯ ಚಲಿಸುವ ದೃಶ್ಯವೇ ಹೆಚ್ಚು ಜನರನ್ನು ತಲುಪುವುದರಿಂದ ಕಲಾವಿದರು ಚಿತ್ರಕಾರರ ಜೊತೆಗೆ ತಮ್ಮದೇ ಚಿತ್ರೀಕರಣಕಾರರೂ ಆಗಬೇಕಾಗಿದೆ. ಇದನ್ನು ಕೇವಲ ಅವನತಿ ಎನ್ನುವಂತಿಲ್ಲ. ಕಾಳೀಘಾಟ್‌ನ ಬೀಸುರೇಖೆಯೂ ಪೇಟೆಯ ಒತ್ತಡದಿಂದಲೇ ಹುಟ್ಟಿದ್ದು. ಆದರೆ ಒತ್ತಡವು ಶೈಲಿಯಾಗಿ ಮಾಗಿದೆಯೋ ಬರಿಯ ಅನುಕೂಲವಾಗಿ ಉಳಿದಿದೆಯೋ ಎಂದು ವಿಂಗಡಿಸಿ ಹೇಳುವ ವಿಮರ್ಶೆ ಬೇಕು. ಶಿವರಾಮ ಕಾರಂತ, ಅ.ನ.ಕೃ. ಮೊದಲಾದವರು ಕನ್ನಡದಲ್ಲಿ ಚಿತ್ರಕಲೆಯನ್ನು ಕುರಿತು ಬರೆಯುವಾಗ ಅವರ ಮುಂದೆ ಚಿತ್ರಗಳಿದ್ದವು. ಬರೆದ ವಾರದಲ್ಲಿಯೇ ಯಾವುದೋ ಮನೆಗೆ ಹೊರಟುಹೋಗುವ ಕೃತಿಯನ್ನು ವಿಮರ್ಶಕರು ಎಲ್ಲಿ ನೋಡಬೇಕು? ಮೆಚ್ಚುಗೆಯ ಗುರುತುಗಳ ಎಣಿಕೆ ಈ ತೆರವನ್ನು ತುಂಬಲಾರದು.

ಹಕ್ಕಿನ ಪ್ರಶ್ನೆ

ನೇರ ಮಾರಾಟದಲ್ಲಿ ಕಲಾವಿದರು ತಮ್ಮ ವಕೀಲರೂ ತಾವೇ ಆಗಿರಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಮಾರಿದಂತಾಗುವುದಿಲ್ಲ. ಅದನ್ನು ವರ್ಗಾಯಿಸಲು ಲಿಖಿತ ಒಪ್ಪಂದ ಬೇಕು. ಆದರೆ ಇದಕ್ಕೊಂದು ಮಹತ್ವದ ಅಪವಾದವಿದೆ. ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ಬರೆದುಕೊಟ್ಟ ಚಿತ್ರ ಅಥವಾ ಭಾವಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರಾಗುತ್ತಾರೆಂದು 17ನೆಯ ಪ್ರಕರಣ ಹೇಳುತ್ತದೆ. ಜಾಲದ ಮೂಲಕ ಬರುವ ಕೆಲಸದಲ್ಲಿ ಮನೆಯವರ ಭಾವಚಿತ್ರ, ಮದುವೆಯ ಚಿತ್ರ, ಸಾಕುಪ್ರಾಣಿಗಳ ಚಿತ್ರ ಮೊದಲಾದ ಕೋರಿಕೆಯ ಕೆಲಸಗಳು ದೊಡ್ಡ ಪಾಲು. ಇವು ಎರಡು ಸಾಲಿನ ಸಂದೇಶದಲ್ಲಿಯೇ ತೀರ್ಮಾನವಾಗುವುದರಿಂದ ಒಪ್ಪಂದದ ಮಾತೇ ಬರುವುದಿಲ್ಲ. ಕಲಾವಿದರು ತಮಗೆ ಅರಿವಿಲ್ಲದೆಯೇ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾರೆ.

1994ರ ತಿದ್ದುಪಡಿಯು ಇದೇ ಕಾಯ್ದೆಗೆ 53ಎ ಪ್ರಕರಣವನ್ನು ಸೇರಿಸಿತು. ಮೂಲ ಚಿತ್ರವು ಹತ್ತು ಸಾವಿರ ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದಾಗ ಕರ್ತೃವಿಗೆ ಅಥವಾ ವಾರಸುದಾರರಿಗೆ ಆ ಬೆಲೆಯಲ್ಲಿ ಶೇ 10ನ್ನು ಮೀರದ ಪಾಲು ಸಲ್ಲಬೇಕೆಂಬುದು ಅದರ ತಿರುಳು. ಈ ಹಕ್ಕು 17ನೆಯ ಪ್ರಕರಣದ ಪ್ರಕಾರ ಮೊದಲ ಒಡೆಯರಾಗಿದ್ದ ಕರ್ತೃವಿಗೆ ಮಾತ್ರ ಸಲ್ಲುತ್ತದೆ. ಅಂದರೆ ಕೋರಿಕೆಯ ಚಿತ್ರ ಬರೆದವರು ಒಂದೇ ಮೌನದಿಂದ ಎರಡು ಹಕ್ಕುಗಳನ್ನು ಕಳೆದುಕೊಳ್ಳುತ್ತಾರೆ. ಹೆಸರಿನ ಹಕ್ಕು ಮತ್ತು ಕೃತಿಯ ವಿರೂಪವನ್ನು ತಡೆಯುವ ಹಕ್ಕು 57ನೆಯ ಪ್ರಕರಣದ ಅಡಿಯಲ್ಲಿ ಅವರಿಗೆ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನದ ಭಿತ್ತಿಶಿಲ್ಪದ ಪ್ರಕರಣದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರ ಪರವಾಗಿ ದೆಹಲಿ ಉಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿದದ್ದು ಇದೇ ಹಕ್ಕನ್ನು. ಆದರೆ ಸೆಹಗಲ್ ಅವರ ಕೃತಿ ಎಲ್ಲಿತ್ತೆಂಬುದು ಎಲ್ಲರಿಗೂ ತಿಳಿದಿತ್ತು. ಯಾವ ಊರಿನ ಯಾವ ಮನೆಯಲ್ಲಿ ತನ್ನ ಚಿತ್ರವಿದೆಯೆಂದು ತಿಳಿಯದ ಕಲಾವಿದರು ಮರುಮಾರಾಟದ ಪಾಲನ್ನಾಗಲಿ ಕೃತಿಯ ರಕ್ಷಣೆಯನ್ನಾಗಲಿ ಕೇಳುವುದು ಹೇಗೆ? ಹಕ್ಕಿನ ಪ್ರಶ್ನೆ ಇಲ್ಲಿ ದಾಖಲೆಯ ಪ್ರಶ್ನೆಯಾಗಿ ಮಾರ್ಪಡುತ್ತದೆ.

ತಂತ್ರಜ್ಞಾನವೇ ಈ ಸಮಸ್ಯೆಗೆ ಪರಿಹಾರ ಒದಗಿಸುತ್ತದೆ ಎಂಬ ಭರವಸೆಯೊಂದು ಕೆಲಕಾಲ ಬಲವಾಗಿತ್ತು. 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಹೆಸರಿನ ಅಮೆರಿಕನ್ ಕಲಾವಿದನ ಡಿಜಿಟಲ್ ಕೃತಿಯು ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾದಾಗ ಎನ್‌ಎಫ್‌ಟಿ ಎಂಬ ಪದ ಎಲ್ಲೆಡೆ ಕೇಳಿಬಂತು. ಪ್ರತಿ ಮರುಮಾರಾಟದಲ್ಲಿಯೂ ಕಲಾವಿದರಿಗೆ ತಾನಾಗಿಯೇ ಪಾಲು ಸಲ್ಲುತ್ತದೆ ಎಂಬುದು ಅದರ ದೊಡ್ಡ ಆಕರ್ಷಣೆಯಾಗಿತ್ತು. ಆದರೆ ಈ ವ್ಯಾಪಾರದ ಪ್ರಮುಖ ತಾಣವಾದ ಓಪನ್‌ಸೀ, ಆ ಪಾಲನ್ನು ಕಡ್ಡಾಯಗೊಳಿಸುವ ಕ್ರಮವನ್ನು ಕೈಬಿಡುವುದಾಗಿ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕಾಯ್ದೆಯ ಆಧಾರವಿಲ್ಲದ ಪಾಲು ವ್ಯಾಪಾರಿಯ ಔದಾರ್ಯವಾಗಿತ್ತೇ ಹೊರತು ಕಲಾವಿದರ ಹಕ್ಕಾಗಿರಲಿಲ್ಲ.

ಪಾರಂಪರಿಕ ಕಲೆಗಳಿಗೆ 1999ರ ಭೌಗೋಳಿಕ ಸೂಚಕಗಳ ಕಾಯ್ದೆ ಒಂದು ಆಸರೆ. 2003ರಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಅಡಿಯಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಚನ್ನಪಟ್ಟಣದ ಬೊಂಬೆ, ಕಿನ್ನಾಳದ ಬೊಂಬೆಗಳು ನೋಂದಣಿ ಪಡೆದಿವೆ. ಆದರೆ ಅದು ಕಾಪಾಡುವುದು ಊರಿನ ಹೆಸರನ್ನು, ಬರೆದ ಕೈಯನ್ನಲ್ಲ. ಕೊಳ್ಳುವವರು ‘ಮೈಸೂರು ಚಿತ್ರ’ವನ್ನು ಗುರುತಿಸುತ್ತಾರೆ, ಬರೆದವರನ್ನು ಗುರುತಿಸುವುದಿಲ್ಲ. ‘ಶ್ರೀತತ್ತ್ವನಿಧಿ’ಯ ಕಾಲದ ಅನಾಮಿಕತೆ ಬೇರೆ ವೇಷದಲ್ಲಿ ಮುಂದುವರಿಯುತ್ತದೆ.

ದಾಖಲೆ: ಯಾರದೂ ಅಲ್ಲದ ಕೆಲಸ

ಗ್ಯಾಲರಿಯ ಕ್ಯಾಟಲಾಗು ಮೇಲ್ನೋಟಕ್ಕೆ ಮಾರಾಟದ ಪಟ್ಟಿ. ಕಾಲ ಕಳೆದಂತೆ ಅದೇ ಕಲಾಚರಿತ್ರೆಯ ಆಕರವಾಗುತ್ತದೆ. ಯಾವ ವರ್ಷ, ಯಾವ ಮಾಧ್ಯಮ, ಯಾವ ಅಳತೆ, ಯಾರ ಸಂಗ್ರಹ ಎಂಬ ಒಣ ವಿವರಗಳಿಂದಲೇ ಸಂಶೋಧಕರು ಕಲಾವಿದರ ಬೆಳವಣಿಗೆಯ ರೇಖೆಯನ್ನು ಕಟ್ಟುತ್ತಾರೆ. ನೇರ ಮಾರಾಟದಲ್ಲಿ ಈ ವಿವರಗಳು ಹುಟ್ಟುವುದಿಲ್ಲವೆಂದಲ್ಲ. ಅವು ಸಂದೇಶಗಳಲ್ಲಿ, ಪಾವತಿಯ ಸೂಚನೆಗಳಲ್ಲಿ, ಕೊರಿಯರ್ ರಸೀತಿಗಳಲ್ಲಿ ಚದುರಿ ಹುಟ್ಟುತ್ತವೆ. ಫೋನು ಬದಲಾದಾಗ, ಖಾತೆ ಮುಚ್ಚಿದಾಗ ಅಳಿಯುತ್ತವೆ.

ದಾಖಲೆಯಿಲ್ಲದ ನೇರ ಮಾರಾಟ ಮುಂದೆ ಯಾವ ತೊಡಕಿಗೆ ದಾರಿ ಮಾಡುತ್ತದೆ ಎಂಬುದಕ್ಕೆ ಮತ್ತೆ ಜಾಮಿನಿ ರಾಯ್ ಅವರ ಉದಾಹರಣೆಯನ್ನೇ ನೋಡಬಹುದು. ಅವರ ಔದಾರ್ಯದ ಬೆಲೆ, ಕಾರ್ಯಾಗಾರದ ಪದ್ಧತಿ, ಮನೆಯಿಂದಲೇ ಮಾರಾಟ ಇವು ಆ ಕಾಲಕ್ಕೆ ಉದಾತ್ತ ಆದರ್ಶಗಳೇ ಆಗಿದ್ದವು. ಆದರೆ ಯಾವ ಚಿತ್ರ ಯಾವಾಗ ಮನೆಯಿಂದ ಹೊರಟಿತು, ಯಾರ ಕೈ ಎಷ್ಟು ತಾಗಿತು ಎಂಬ ಸಮಗ್ರ ಪಟ್ಟಿಯಿಲ್ಲ. ಇಂದು ಅವರು ಅತಿ ಹೆಚ್ಚು ನಕಲಿಗೆ ಗುರಿಯಾದ ಭಾರತೀಯ ಕಲಾವಿದರಲ್ಲಿ ಒಬ್ಬರು. ಕಾಯ್ದೆಯ ಪ್ರಕಾರ ಅವರ ಕೃತಿಗಳು ದೇಶದಾಚೆ ಸಾಗಿಸಬಾರದ ರಾಷ್ಟ್ರೀಯ ಕಲಾನಿಧಿ. ಯಾವುದು ಅವರ ಕೃತಿ ಎಂಬುದೇ ಎಷ್ಟೋ ಬಾರಿ ವಿವಾದದ ವಿಷಯ. ಒಬ್ಬ ಮಹಾನ್ ಕಲಾವಿದನ ವಿಷಯದಲ್ಲಿ ಆದದ್ದು ಈಗ ಒಂದು ತಲೆಮಾರಿನ ಕಲಾವಿದರೆಲ್ಲರ ವಿಷಯದಲ್ಲಿ ಆಗಬಹುದಾಗಿದೆ.

ತಾಣಗಳೇ ದಾಖಲೆಯಾಗಿ ಉಳಿಯುತ್ತವೆ ಎಂಬ ನಂಬಿಕೆಗೂ ಆಧಾರವಿಲ್ಲ. ಸಾವಿರಾರು ಸ್ವಂತ ಪುಟಗಳಿಗೆ ಆಸರೆಯಾಗಿದ್ದ ಯಾಹೂ ಸಂಸ್ಥೆಯ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಕೊನೆಗೊಂಡವು. 1996ರಲ್ಲಿ ಸ್ಥಾಪನೆಯಾದ ಇಂಟರ್‌ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ತೆರೆದ ಪುಟಗಳನ್ನು ಸಂಗ್ರಹಿಸುತ್ತವೆ. ಆದರೆ ಸದಸ್ಯರಿಗೆ ಮಾತ್ರ ತೆರೆಯುವ ಸಾಮಾಜಿಕ ತಾಣಗಳ ಒಳಪುಟಗಳು ಆ ಸಂಗ್ರಹಕ್ಕೆ ಬಹುಮಟ್ಟಿಗೆ ನಿಲುಕುವುದಿಲ್ಲ.

ಪುಸ್ತಕಲೋಕದೊಡನೆ ಹೋಲಿಸಿದರೆ ಈ ಕೊರತೆಯ ಗಾತ್ರ ಅರಿವಾಗುತ್ತದೆ. 1954ರ ಪುಸ್ತಕ ಒಪ್ಪಿಸುವಿಕೆಯ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಪ್ರಕಾಶಕನೂ ತಾನು ಹೊರತಂದ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತ ಇತರ ಗ್ರಂಥಾಲಯಗಳಿಗೂ ಕಳುಹಿಸಬೇಕು. ಕಳಪೆಯೋ ಶ್ರೇಷ್ಠವೋ ಎಂಬ ಆಯ್ಕೆ ಅಲ್ಲಿಲ್ಲ. ಇದ್ದದ್ದು ಇತ್ತೆಂಬ ಸಾಕ್ಷಿಯಷ್ಟೇ ಅದರ ಉದ್ದೇಶ. ಚಿತ್ರ ಒಂದೇ ಇರುವುದರಿಂದ ಅದನ್ನು ಒಪ್ಪಿಸುವಂತಿಲ್ಲ. ಆದರೆ ಅದರ ವಿವರವನ್ನು ಒಪ್ಪಿಸಬಹುದು. ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ, ಹಿಂಬದಿಯ ಸಹಿಯೂ ಸೇರಿದಂತೆ ಸ್ಪಷ್ಟ ಛಾಯಾಚಿತ್ರಗಳು, ಕಲಾವಿದರೇ ಕೊಟ್ಟ ಕ್ರಮಸಂಖ್ಯೆ ಇಷ್ಟಿದ್ದರೆ ಒಂದು ಕೃತಿಯ ಜನ್ಮಪತ್ರ ಸಿದ್ಧವಾದಂತೆ. ಅದೇ ಸಂಖ್ಯೆಯನ್ನು ಕೊಳ್ಳುಗರಿಗೆ ಕೊಡುವ ಪ್ರಮಾಣಪತ್ರದಲ್ಲಿ ನಮೂದಿಸಿ, ಕೃತಿಸ್ವಾಮ್ಯ ತಮ್ಮಲ್ಲೇ ಉಳಿದಿದೆಯೆಂಬ ಒಂದು ವಾಕ್ಯವನ್ನು ಸೇರಿಸಿ, ಕೋರಿಕೆಯ ಕೆಲಸವಾದರೆ ಅದಕ್ಕೆ ಬರೆಸುವವರ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆದರೆ ಹಕ್ಕಿನ ಪ್ರಶ್ನೆಗೂ ಆಧಾರ ದೊರೆಯುತ್ತದೆ.

ಈ ಸಲಹೆಗೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಕೊಳ್ಳುಗರ ಖಾಸಗಿತನ ಮತ್ತು ಕಲಾವಿದರ ತೆರಿಗೆಯ ಆತಂಕ. ಕೊಳ್ಳುಗರ ಹೆಸರನ್ನೂ ಬೆಲೆಯನ್ನೂ ಸಾರ್ವಜನಿಕ ದಾಖಲೆಯಿಂದ ಹೊರಗಿಟ್ಟು ಕಲಾವಿದರ ಸ್ವಂತ ಪುಸ್ತಕದಲ್ಲಿ ಮಾತ್ರ ಉಳಿಸುವುದರಿಂದ ಇದನ್ನು ನಿವಾರಿಸಬಹುದು. 2017ರಿಂದ ಶೇ 12ರಷ್ಟಿದ್ದ ಕೈಯಿಂದ ಬರೆದ ಚಿತ್ರಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿರುವುದೂ ತೆರೆದ ವ್ಯವಹಾರಕ್ಕೆ ಅನುಕೂಲವಾಗಿದೆ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಅಕಾಡೆಮಿಗಳೋ ಗ್ರಂಥಾಲಯಗಳೋ ದಾಖಲೆಯ ಹೊಣೆ ಹೊತ್ತರೆ, ಗ್ಯಾಲರಿಯ ಬಾಗಿಲು ಮುರಿದು ಹೊರಬಂದ ಕಲಾವಿದರ ಮುಂದೆ ಇನ್ನೊಂದು ಬಾಗಿಲು ನಿಲ್ಲುವುದಿಲ್ಲವೆ? ದಾಖಲಾತಿಯನ್ನು ಮನ್ನಣೆಯೊಡನೆ ಬೆರೆಸಿದರೆ ಖಂಡಿತ ನಿಲ್ಲುತ್ತದೆ. ಪುಸ್ತಕದ ಕಾಯ್ದೆಯಂತೆ ಆಯ್ಕೆಯಿಲ್ಲದೆ, ಬಂದದ್ದನ್ನು ಬಂದಂತೆ ಸ್ವೀಕರಿಸುವ ದಾಖಲಾತಿಯಾದರೆ ನಿಲ್ಲುವುದಿಲ್ಲ. ಬೆಲೆ ಕಟ್ಟುವ ಕೆಲಸ ಪೇಟೆಯದು, ಗುಣ ಹೇಳುವ ಕೆಲಸ ವಿಮರ್ಶೆಯದು, ಸಾಕ್ಷಿ ಉಳಿಸುವ ಕೆಲಸ ಗ್ರಂಥಾಲಯದ್ದು. ಈ ಮೂರನ್ನು ಪ್ರತ್ಯೇಕವಾಗಿ ಇರಿಸುವುದು ಅಗತ್ಯ.

ಹಸೆ ಚಿತ್ತಾರದಂಥ ಸಮುದಾಯದ ಕಲೆಗಳ ವಿಷಯದಲ್ಲಿ ದಾಖಲೆಯ ಸ್ವರೂಪ ಬೇರೆಯಾಗಬೇಕಾಗುತ್ತದೆ. ಅಲ್ಲಿ ಬರೆದವರ ಹೆಸರಿನೊಡನೆ ಊರು, ಸಂದರ್ಭ, ವಿನ್ಯಾಸದ ಸ್ಥಳೀಯ ಹೆಸರು, ಅದರೊಡನೆ ಬರುವ ಹಾಡು ಇವೂ ಸೇರಬೇಕು. ವಿನ್ಯಾಸವು ಸಮುದಾಯದ್ದು, ಚಿತ್ರ ಬರೆದವರದು ಎಂಬ ಎರಡು ಮಾತನ್ನೂ ಒಟ್ಟಿಗೆ ಹೇಳಬಲ್ಲ ದಾಖಲೆ ಕಾಯ್ದೆಯ ಪುಸ್ತಕದಲ್ಲಿ ಸದ್ಯಕ್ಕೆ ಇಲ್ಲದಿದ್ದರೂ ಗ್ರಂಥಾಲಯದ ಸೂಚಿಯಲ್ಲಿ ಇರಲು ಅಡ್ಡಿಯಿಲ್ಲ.

ಉಪಸಂಹಾರ

ಅಂತರಜಾಲದ ನೇರ ಮಾರಾಟವು ಕರ್ನಾಟಕದ ಕಲಾವಿದರಿಗೆ ಜೀವನೋಪಾಯದ ಹೊಸ ದಾರಿಯನ್ನು ತೆರೆದಿದೆ. ಹೊರಗುಳಿದಿದ್ದವರನ್ನು ಒಳಗೆ ತಂದಿದೆ. ಗ್ಯಾಲರಿಯ ಕಾಲಕ್ಕೆ ಮರಳಬೇಕೆಂಬ ವಾದಕ್ಕೆ ಅರ್ಥವಿಲ್ಲ. ಆ ಕಾಲದಲ್ಲಿ ಈ ಕಲಾವಿದರಲ್ಲಿ ಹೆಚ್ಚಿನವರಿಗೆ ಸ್ಥಾನವೇ ಇರಲಿಲ್ಲ. ಆದರೆ ರವಿವರ್ಮನ ಮುದ್ರಣಾಲಯ ಪ್ರಸಾರವನ್ನು ಕೊಟ್ಟು ಲಾಭವನ್ನು ಕಸಿದಂತೆ, ಜಾಮಿನಿ ರಾಯ್ ಅವರ ಮನೆಬಾಗಿಲ ಮಾರಾಟ ಕೊಳ್ಳುಗರನ್ನು ಕೊಟ್ಟು ಖಚಿತತೆಯನ್ನು ಕಸಿದಂತೆ, ಜಾಲದ ಸಂತೆಯೂ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುತ್ತಿದೆ. ಈ ಬಾರಿ ಕಳೆದುಹೋಗುತ್ತಿರುವುದು ನೆನಪು. ಇಂದು ಚಿತ್ರ ಬರೆದು ಜಾಲದಲ್ಲಿ ಮಾರುತ್ತಿರುವ ತಲೆಮಾರಿನ ಕುರಿತು ಅರ್ಧ ಶತಮಾನದ ಅನಂತರ ಬರೆಯಲು ಕೂರುವ ಸಂಶೋಧಕರಿಗೆ ಕೃತಿಗಳು ಸಾವಿರಾರು ಮನೆಗಳ ಗೋಡೆಗಳ ಮೇಲೆ ಇರುತ್ತವೆ. ಅವು ಯಾರವು, ಯಾವಾಗಿನವು ಎಂದು ಹೇಳುವ ಪುಟ ಇರುತ್ತದೆಯೆ ಎಂಬುದು ಕಲಾವಿದರು ಇಂದು ಇಟ್ಟುಕೊಳ್ಳುವ ಲೆಕ್ಕದ ಪುಸ್ತಕವನ್ನೂ, ಗ್ರಂಥಾಲಯಗಳು ಅದಕ್ಕಾಗಿ ತೆರವು ಮಾಡುವ ಕಪಾಟನ್ನೂ ಅವಲಂಬಿಸಿದೆ.